ಪಾತ್ರದ ಹಿನ್ನೆಲೆ: ಎಲ್ಲಿ ಕೂತು ಯೋಚಿಸಬೇಕು, ಎಲ್ಲಿ ಸುಮ್ನೆ ಮುಂದೆ ಹೋಗಬಹುದು

ಕಳೆದ ತಿಂಗಳು ಒಂದು ರಾತ್ರಿ ಅಕ್ಕನ ಮಗ ಹಾಸ್ಟೆಲ್‌ನಿಂದ ಫೋನ್ ಮಾಡಿದ. ‘ಚಿಕ್ಕಮ್ಮ, ಸೋಲ್ಜರ್ ತಗೊಳ್ಳಲಾ, ನೋಬಲ್ ತಗೊಳ್ಳಲಾ? ಮುಕ್ಕಾಲು ಗಂಟೆಯಿಂದ ಇದೇ ಸ್ಕ್ರೀನ್ ಮುಂದೆ ಕೂತಿದ್ದೀನಿ. ಒಂದ್ಸಲ ಆರಿಸಿದ್ರೆ ಆಮೇಲೆ ಬದಲಾಯಿಸೋಕೆ ಆಗಲ್ವಂತೆ.’ ಅವನು ತೆರೆದು ಕೂತಿದ್ದು ಬಾಲ್ಡರ್ಸ್ ಗೇಟ್ 3, ಆಡುವ ಮೊದಲು ನಿಮ್ಮ ಪಾತ್ರದ ಹಿನ್ನೆಲೆ ಆರಿಸಲು ಹೇಳುವ ಸ್ಕ್ರೀನ್. 150 ಜಿಬಿ ಜಾಗ ಕೇಳುವ ಗೇಮ್ ಅದು. ಹಾಸ್ಟೆಲ್ ವೈಫೈನಲ್ಲಿ ಮೂರು ರಾತ್ರಿ ಡೌನ್‌ಲೋಡ್ ಮಾಡಿಕೊಂಡಿದ್ದ. ಈಗ ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಈ ಪ್ರಶ್ನೆ ಕೇಳಿದವರಲ್ಲಿ ಅವನು ಮೊದಲನೆಯವನಲ್ಲ. ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಇಳಿಯುವ ಗೇಮ್, ಆಡಲು ಶುರು ಮಾಡಿದ ಎಷ್ಟೋ ಜನ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೆಲವು ಗೇಮ್‌ಗಳು ನಿಮ್ಮ ಹುಟ್ಟು, ಊರು, ಕಸುಬು ಎಲ್ಲವನ್ನೂ ಕೇಳಿ ಅರ್ಧ ಗಂಟೆಯಲ್ಲಿ ಮರೆತುಬಿಡುತ್ತವೆ. ಕೆಲವು ಗೇಮ್‌ಗಳು ನಲವತ್ತು ಗಂಟೆ ಆದ ಮೇಲೂ ನೆನಪಿಟ್ಟು ನಿಮ್ಮ ಮುಂದೆ ತಂದು ನಿಲ್ಲಿಸುತ್ತವೆ. ನಿಮ್ಮ ಕೈಯಲ್ಲಿರುವುದು ಯಾವ ಬಗೆಯದು ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೊದಲು ಅಳತೆಗೋಲು

ನಾನು ನಾಲ್ಕು ಪ್ರಶ್ನೆ ಹಾಕಿಕೊಳ್ಳುತ್ತೇನೆ. ಹಿನ್ನೆಲೆಯಿಂದ ಅಂಕಿಗಳು ಬದಲಾಗುತ್ತವೆಯೇ, ಅಂದರೆ ಹೊಡೆತ, ದಾಳ, ಕೌಶಲ ಇವುಗಳ ಲೆಕ್ಕ? ಗೇಮ್‌ನೊಳಗಿನ ಜನ ನಿಮ್ಮ ಹಿನ್ನೆಲೆ ಹಿಡಿದು ಮಾತಾಡುತ್ತಾರೆಯೇ? ಬೇರೆಯವರಿಗೆ ಮುಚ್ಚಿರುವ ದಾರಿ ನಿಮಗೆ ತೆರೆಯುತ್ತದೆಯೇ, ಅಥವಾ ನಿಮಗೇ ಒಂದು ದಾರಿ ಮುಚ್ಚಿಹೋಗುತ್ತದೆಯೇ? ತಪ್ಪಾಯಿತು ಅನ್ನಿಸಿದರೆ ನಡುವೆ ತಿದ್ದಿಕೊಳ್ಳಬಹುದೇ?

ಇದರ ಜೊತೆ ಇನ್ನೊಂದಿದೆ, ಅದು ನಿಮ್ಮ ಬಗ್ಗೆ. ಈ ಗೇಮನ್ನು ಎಷ್ಟು ಸಲ ಆಡುತ್ತೀರಿ? ಕೆಲಸ, ಮನೆ, ಮಕ್ಕಳು ಅಂತ ಇರುವವರು ನೂರು ಗಂಟೆಯ ಗೇಮನ್ನು ಒಂದೇ ಸಲ ಮುಗಿಸುವುದೇ ದೊಡ್ಡದು. ಅವರಿಗೆ ಮೊದಲ ಆಯ್ಕೆಯೇ ಕೊನೆಯ ಆಯ್ಕೆ. ರಜೆಯಲ್ಲಿರುವ ವಿದ್ಯಾರ್ಥಿಗೆ ಹಾಗಲ್ಲ.

ಬಾಲ್ಡರ್ಸ್ ಗೇಟ್ 3: ಅಂಕಿಗಿಂತ ದಾಳ ಮುಖ್ಯ

2023ರಲ್ಲಿ ಬಂದ ಈ ಗೇಮ್‌ನಿಂದಲೇ ಶುರು ಮಾಡೋಣ, ಜಾಸ್ತಿ ಜನ ಒದ್ದಾಡುವುದು ಇಲ್ಲೇ. ಅಕೊಲೈಟ್ (ಗುಡಿಯ ಸೇವಕ), ಚಾರ್ಲಟನ್ (ಠಕ್ಕ), ಕ್ರಿಮಿನಲ್, ಎಂಟರ್‌ಟೇನರ್, ಫೋಕ್ ಹೀರೋ (ಜನರ ನಾಯಕ), ಗಿಲ್ಡ್ ಆರ್ಟಿಸನ್ (ಕುಶಲಕರ್ಮಿ), ನೋಬಲ್ (ದೊಡ್ಡ ಮನೆತನ), ಔಟ್‌ಲ್ಯಾಂಡರ್ (ಊರಾಚೆ ಬೆಳೆದವ), ಸೇಜ್ (ಪಂಡಿತ), ಸೋಲ್ಜರ್, ಅರ್ಚಿನ್ (ಬೀದಿಯಲ್ಲಿ ಬೆಳೆದವ) ಅಂತ 11 ಹಿನ್ನೆಲೆಗಳಿವೆ. ಪ್ರತಿಯೊಂದೂ ಎರಡು ಕೌಶಲಗಳಲ್ಲಿ ಪರಿಣತಿ ಕೊಡುತ್ತದೆ. ಇಲ್ಲಿ ಒಪ್ಪಿಸುವುದು, ಹೆದರಿಸುವುದು, ಬೀಗ ತೆಗೆಯುವುದು ಇಂಥದ್ದಕ್ಕೆಲ್ಲ ಗೇಮ್ ದಾಳ ಉರುಳಿಸುತ್ತದೆ. ಪರಿಣತಿ ಇದ್ದರೆ ಶುರುವಿನಲ್ಲಿ ಆ ದಾಳಕ್ಕೆ 2 ಕೂಡುತ್ತದೆ, ಒಂಬತ್ತನೇ ಲೆವೆಲ್ ಹೊತ್ತಿಗೆ ಅದು 4 ಆಗುತ್ತದೆ.

ಅಕ್ಕನ ಮಗನ ಲೆಕ್ಕವನ್ನೇ ನೋಡಿ. ಅವನದು ಹಾಫ್-ಆರ್ಕ್ ಫೈಟರ್: ಹಾಫ್-ಆರ್ಕ್ ಅನ್ನುವುದು ಕುಲ, ಫೈಟರ್ ಅನ್ನುವುದು ಕ್ಲಾಸ್, ಅಂದರೆ ಕಾದಾಡುವ ಬಗೆ. ಸೋಲ್ಜರ್ ಕೊಡುವುದು ಅಥ್ಲೆಟಿಕ್ಸ್ (ಮೈಬಲ) ಮತ್ತು ಇಂಟಿಮಿಡೇಷನ್ (ಹೆದರಿಸುವುದು). ಹಾಫ್-ಆರ್ಕ್‌ಗಳಿಗೆ ಇಂಟಿಮಿಡೇಷನ್ ಹುಟ್ಟಿನಿಂದಲೇ ಇದೆ, ಎರಡು ಕಡೆಯಿಂದ ಬಂದರೆ ಅದು ದುಪ್ಪಟ್ಟಾಗುವುದಿಲ್ಲ. ಅಥ್ಲೆಟಿಕ್ಸ್ ಬೇಕಿದ್ದರೆ ಫೈಟರ್ ಕ್ಲಾಸ್‌ನ ಪಟ್ಟಿಯಲ್ಲೇ ಸಿಗುತ್ತದೆ. ಅಂದರೆ ಸೋಲ್ಜರ್‌ನಿಂದ ಅವನಿಗೆ ಹೊಸದಾಗಿ ಸಿಗುವುದು ಏನೂ ಇಲ್ಲ ಅಂತಲೇ ಹೇಳಬಹುದು. ನೋಬಲ್ ಕೊಡುವುದು ಹಿಸ್ಟರಿ ಮತ್ತು ಪರ್ಸುಯೇಷನ್. ಮಾತಿನಲ್ಲಿ ಒಪ್ಪಿಸುವ ಈ ಪರ್ಸುಯೇಷನ್ ಫೈಟರ್ ಪಟ್ಟಿಯಲ್ಲಿ ಇಲ್ಲ.

ಅದರಿಂದ ಎಷ್ಟು ಲಾಭ? ಅವನ ಪಾತ್ರದ ಕರಿಷ್ಮಾ, ಅಂದರೆ ಜನರನ್ನು ಸೆಳೆಯುವ ಗುಣದ ಅಂಕಿ, 10, ಅಂದರೆ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಒಬ್ಬ ಕಾವಲುಗಾರನನ್ನು ಒಪ್ಪಿಸಲು 15 ಬೀಳಬೇಕು ಅಂತಿಟ್ಟುಕೊಳ್ಳಿ. 20 ಮುಖದ ದಾಳದಲ್ಲಿ 15ರಿಂದ 20 ಬಿದ್ದರೆ ಗೆಲುವು, ಅಂದರೆ ನೂರಕ್ಕೆ 30 ಸಲ. ಪರಿಣತಿಯ 2 ಕೂಡಿದರೆ 13 ಬಿದ್ದರೂ ಸಾಕು, ಅದು ನೂರಕ್ಕೆ 40 ಸಲ. ಹತ್ತು ಜಾಸ್ತಿಯಾಯಿತು, ಅಷ್ಟೇ.

ಆದರೆ ಈ ಗೇಮ್‌ನಲ್ಲಿ ಹಿನ್ನೆಲೆಯ ನಿಜವಾದ ಬೆಲೆ ಬೇರೆ ಕಡೆ ಇದೆ. ನಿಮ್ಮ ಹಿನ್ನೆಲೆಗೆ ಒಪ್ಪುವ ಕೆಲಸ ಮಾಡಿದಾಗ ಒಂದು ಇನ್‌ಸ್ಪಿರೇಷನ್ ಪಾಯಿಂಟ್ ಸಿಗುತ್ತದೆ. ಒಟ್ಟು ನಾಲ್ಕರ ತನಕ ಕೂಡಿಟ್ಟುಕೊಳ್ಳಬಹುದು. ದಾಳ ಕೈಕೊಟ್ಟಾಗ ಒಂದನ್ನು ಖರ್ಚು ಮಾಡಿ ಮತ್ತೆ ಉರುಳಿಸಬಹುದು. ಮೇಲಿನ 40 ಇದ್ದ ಜಾಗದಲ್ಲಿ ಇನ್ನೊಂದು ಅವಕಾಶ ಸಿಕ್ಕರೆ ಗೆಲುವು ನೂರಕ್ಕೆ 64 ಆಗುತ್ತದೆ. ಪರಿಣತಿ ತಂದ ಹತ್ತೆಲ್ಲಿ, ಈ ಇಪ್ಪತ್ನಾಲ್ಕೆಲ್ಲಿ! ಅದಕ್ಕೇ ನಾನು ಹೇಳುವುದು, ಇಲ್ಲಿ ಕೌಶಲದ ಪಟ್ಟಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನೀವು ಹೇಗೆ ಆಡುತ್ತೀರಿ ಅಂತ ನೋಡಿಕೊಳ್ಳಿ. ಬೀಗ ಕಂಡ ಕಡೆಯೆಲ್ಲ ಕೈ ಹಾಕುವವರು ಕ್ರಿಮಿನಲ್ ಅಥವಾ ಅರ್ಚಿನ್ ತಗೊಳ್ಳಿ. ಸಿಕ್ಕ ಪುಸ್ತಕವನ್ನೆಲ್ಲ ತೆರೆದು ಓದುವವರಿಗೆ ಸೇಜ್. ಕಷ್ಟದಲ್ಲಿರುವವರನ್ನು ಬಿಟ್ಟು ಮುಂದೆ ಹೋಗಲಾಗದವರಿಗೆ ಫೋಕ್ ಹೀರೋ. ನಿಮ್ಮ ಸಹಜ ನಡವಳಿಕೆಗೇ ಪಾಯಿಂಟ್ ಬರುತ್ತಾ ಹೋಗುತ್ತದೆ.

ಜೊತೆಗಾರರಿಗೂ ಅವರವರ ಹಿನ್ನೆಲೆ ಇದೆ ಅನ್ನುವುದನ್ನು ಮರೆಯಬೇಡಿ. ಲೇಜೆಲ್ ಸೋಲ್ಜರ್, ಗೇಲ್ ಸೇಜ್, ಶ್ಯಾಡೋಹಾರ್ಟ್ ಅಕೊಲೈಟ್, ವಿಲ್ ಫೋಕ್ ಹೀರೋ, ಅಸ್ಟೇರಿಯನ್ ಚಾರ್ಲಟನ್, ಕಾರ್ಲಾಕ್ ಔಟ್‌ಲ್ಯಾಂಡರ್. ಗುಂಪಿನಲ್ಲಿ ಇಲ್ಲದ ಹಿನ್ನೆಲೆಯೊಂದನ್ನು ನೀವು ತಂದರೆ ಪಾಯಿಂಟ್ ಗಳಿಸುವ ದಾರಿ ಇನ್ನಷ್ಟು ಅಗಲವಾಗುತ್ತದೆ.

ಸಂಭಾಷಣೆಯ ಮಟ್ಟಿಗೆ ಇಲ್ಲಿ ಹಿನ್ನೆಲೆಗಿಂತ ಕುಲ ಮತ್ತು ಕ್ಲಾಸ್ ಬಹಳ ಜೋರು. ಡ್ರೌ ಅನ್ನುವ ಕುಲದವರಾಗಿ, ಗಾಬ್ಲಿನ್ ಅನ್ನುವ ಪುಂಡರ ಹತ್ತಿರ ಹೋಗಿ ನೋಡಿ. ಬೇರೆಯವರು ಸುಳ್ಳು ಹೇಳಿ ಬೆವರು ಸುರಿಸುವ ಜಾಗದಲ್ಲಿ ನಿಮಗೆ ಮರ್ಯಾದೆ ಕೊಟ್ಟು ದಾರಿ ಬಿಡುತ್ತಾರೆ. ಇನ್ನು ತಿದ್ದುಪಡಿ: ವಿದರ್ಸ್ ಅನ್ನುವ ಪಾತ್ರ ಸಿಕ್ಕ ಮೇಲೆ 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸ್, ಅಂಕಿ ಎಲ್ಲ ಬದಲಾಯಿಸಿಕೊಡುತ್ತಾನೆ. ಕುಲ ಮತ್ತು ಹಿನ್ನೆಲೆಯನ್ನು ಮಾತ್ರ ಮುಟ್ಟುವುದಿಲ್ಲ. ಹುಡುಗ ಹೆದರಿದ್ದರಲ್ಲಿ ಅಷ್ಟು ನಿಜ ಇತ್ತು. ಆದರೂ ತಪ್ಪು ಹಿನ್ನೆಲೆ ಆರಿಸಿದ್ದಕ್ಕೆ ಗೇಮ್ ಹಾಳಾಗುವುದಿಲ್ಲ, ಎರಡು ನಿಮಿಷದಲ್ಲಿ ಆರಿಸಿ ಮುಂದೆ ಹೋಗಿ. ಕುಲ ಆರಿಸುವಾಗ ಬೇಕಿದ್ದರೆ ಹತ್ತು ನಿಮಿಷ ತಗೊಳ್ಳಿ.

ಡ್ರ್ಯಾಗನ್ ಏಜ್ ಒರಿಜಿನ್ಸ್: ಇಲ್ಲಿ ಮಾತ್ರ ಅವಸರ ಬೇಡ

2009ರಲ್ಲಿ ಬಯೋವೇರ್ ತಂದ ಈ ಗೇಮ್ ಹಿನ್ನೆಲೆಯ ವಿಷಯದಲ್ಲಿ ನನಗೆ ಇವತ್ತಿಗೂ ಎಲ್ಲಕ್ಕಿಂತ ದೊಡ್ಡದು. ಆರು ಹುಟ್ಟುಗಳಿವೆ: ಮನುಷ್ಯರ ದೊಡ್ಡ ಮನೆತನ, ಮಂತ್ರವಾದಿ, ಊರ ಎಲ್ಫ್, ಕಾಡಿನ ಡೇಲಿಶ್ ಎಲ್ಫ್, ರಾಜಮನೆತನದ ಡ್ವಾರ್ಫ್, ಬಡ ಡ್ವಾರ್ಫ್ (ಎಲ್ಫ್ ಅಂದರೆ ಚೂಪು ಕಿವಿಯವರು, ಡ್ವಾರ್ಫ್ ಅಂದರೆ ಕುಳ್ಳರು). ಪಟ್ಟಿಯಿಂದ ಆರಿಸಿ ಬಿಟ್ಟುಬಿಡುವುದಲ್ಲ, ಪ್ರತಿಯೊಂದಕ್ಕೂ ನೀವೇ ಆಡುವ ಒಂದು ಇಡೀ ಮೊದಲ ಅಧ್ಯಾಯ ಇದೆ. ಆಮೇಲೆ ಎಲ್ಲರೂ ಗ್ರೇ ವಾರ್ಡನ್ ಅನ್ನುವ ಯೋಧರ ಪಡೆಗೆ ಸೇರಿ ಒಂದೇ ಕಥೆಗೆ ಸೇರುತ್ತೀರಿ.

ಅದರ ತೂಕ ಗೊತ್ತಾಗಬೇಕಾದರೆ ಓರ್ಜಮ್ಮಾರ್ ಅನ್ನುವ ನೆಲದಡಿಯ ಊರನ್ನೇ ತಗೊಳ್ಳಬೇಕು. ಇಲ್ಲಿಂದ ಮುಂದಿನ ಮೂರು ಪ್ಯಾರಾದಲ್ಲಿ ಕಥೆ ಬಿಟ್ಟುಕೊಡುತ್ತೇನೆ, ಬೇಡದವರು ದಾಟಿಹೋಗಿ.

ಡ್ವಾರ್ಫ್‌ಗಳ ಆ ಊರು ನಡೆಯುವುದೇ ಜಾತಿಯ ಮೇಲೆ. ಮೇಲೆ ಶ್ರೀಮಂತ ಮನೆತನಗಳು, ಕೆಳಗೆ ಯೋಧರು, ಕಮ್ಮಾರರು, ಕುಶಲಕರ್ಮಿಗಳು, ಗಣಿಯವರು, ವ್ಯಾಪಾರಿಗಳು, ಆಳುಗಳು. ಇವರೆಲ್ಲರ ಆಚೆ ಜಾತಿಯೇ ಇಲ್ಲದವರು. ಅವರ ಮುಖದ ಮೇಲೆ ಗುರುತು ಹಾಕಿರುತ್ತಾರೆ. ನೀವು ಬಡ ಡ್ವಾರ್ಫ್ ಆಗಿ ಹುಟ್ಟಿದರೆ ಆ ಗುರುತು ನಿಮ್ಮ ಮುಖದ ಮೇಲಿರುತ್ತದೆ. ಬೀದಿಯಲ್ಲಿ ನಡೆದರೆ ಅಂಗಡಿಯವರು ಮುಖ ತಿರುಗಿಸುತ್ತಾರೆ. ಪ್ರೂವಿಂಗ್ ಅನ್ನುವ ಕಾಳಗದ ಕಣಕ್ಕೆ ನಿಮ್ಮಂಥವರು ಕಾಲಿಡುವ ಹಾಗಿಲ್ಲ. ಎವರ್ಡ್ ಅನ್ನುವ ಯೋಧ ಕುಡಿದು ಬಿದ್ದಿದ್ದಾನೆ ಅಂತ ನೀವು ಅವನ ಕವಚ ತೊಟ್ಟು, ಮುಖ ಮುಚ್ಚಿಕೊಂಡು ಇಳಿಯುತ್ತೀರಿ. ಒಬ್ಬೊಬ್ಬರನ್ನೇ ಸೋಲಿಸುತ್ತೀರಿ. ಜನ ಜೈಕಾರ ಹಾಕುತ್ತಾರೆ. ಗುಟ್ಟು ರಟ್ಟಾದ ಗಳಿಗೆಯಲ್ಲಿ ಅದೇ ಗೆಲುವು ಅಪರಾಧವಾಗುತ್ತದೆ, ಸೀದಾ ಸೆರೆಮನೆಗೆ. ನಮ್ಮ ಕಡೆಯಿಂದ ಬಂದವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಮೊದಲ ಸಲ ಆಡಿದಾಗ ಕಂಟ್ರೋಲರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈಗ ಮುಂದಿನದು ನೋಡಿ. ಎಷ್ಟೋ ಗಂಟೆಗಳ ನಂತರ ಯಾವ ಹುಟ್ಟಿನವರಾದರೂ ಓರ್ಜಮ್ಮಾರ್‌ಗೆ ಹೋಗಲೇಬೇಕು. ರಾಜ ಸತ್ತಿದ್ದಾನೆ, ಬೇಲೆನ್ ಮತ್ತು ಹ್ಯಾರೋಮಾಂಟ್ ಇಬ್ಬರಲ್ಲಿ ಒಬ್ಬರನ್ನು ನೀವು ಸಿಂಹಾಸನಕ್ಕೆ ತರಬೇಕು. ಬೇಲೆನ್ ಕುತಂತ್ರಿ, ಆದರೆ ಜಾತಿಯ ಕಟ್ಟು ಸಡಿಲಿಸುವವನು. ಹ್ಯಾರೋಮಾಂಟ್ ಮರ್ಯಾದಸ್ಥ, ಆದರೆ ಹಳೆಯ ಕಟ್ಟಳೆ ಬಿಡದವನು. ನೀವು ಮನುಷ್ಯರಾಗಿ ಹೋದರೆ ಇಬ್ಬರೂ ಅಪರಿಚಿತರು, ಇದೊಂದು ರಾಜಕೀಯದ ಲೆಕ್ಕ. ರಾಜಮನೆತನದ ಡ್ವಾರ್ಫ್ ಆಗಿದ್ದರೆ ಬೇಲೆನ್ ನಿಮ್ಮ ಒಡಹುಟ್ಟಿದ ತಮ್ಮ. ಅಣ್ಣನ ಕೊಲೆಯನ್ನು ನಿಮ್ಮ ತಲೆಗೆ ಕಟ್ಟಿ, ಸಾಯಲಿ ಅಂತ ಪಾತಾಳದ ದಾರಿಗೆ ನಿಮ್ಮನ್ನು ಅಟ್ಟಿಸಿದವನು ಅವನೇ. ಬಡ ಡ್ವಾರ್ಫ್ ಆಗಿದ್ದರೆ ಅದೇ ಬೇಲೆನ್ ನಿಮ್ಮ ಅಕ್ಕ ರಿಕಾಳನ್ನು ಇಟ್ಟುಕೊಂಡಿದ್ದಾನೆ. ಅವಳಿಗೆ ಅವನಿಂದ ಗಂಡು ಮಗು ಆಗಿದೆ. ಅಲ್ಲಿ ಗಂಡು ಮಗುವಿಗೆ ಬರುವುದು ಅಪ್ಪನ ಜಾತಿ, ಹಾಗಾಗಿ ನಿಮ್ಮ ಮನೆಯವರು ಕೊಳೆಗೇರಿಯಿಂದ ಅರಮನೆಗೆ ಬಂದಿದ್ದಾರೆ. ಅವನನ್ನು ಇಳಿಸಿದರೆ ಅಕ್ಕನ ಗತಿ ಏನು?

ಪ್ರಶ್ನೆ ಒಂದೇ, ಡೈಲಾಗ್‌ಗಳೂ ಬಹುಪಾಲು ಅವೇ. ಕೇಳಿಸಿಕೊಳ್ಳುವವರು ಬೇರೆ. ಹಿನ್ನೆಲೆ ಅಂದರೆ ನನ್ನ ಪಾಲಿಗೆ ಇದೇ. ಅಂಕಿಯಲ್ಲಿ ಇದರಿಂದ ದೊಡ್ಡ ವ್ಯತ್ಯಾಸವೇನೂ ಇಲ್ಲ.

ದಾರಿಗಳೂ ಬದಲಾಗುತ್ತವೆ. ಗೇಮ್ ಕೊನೆಗೆ ಸಿಂಹಾಸನದ ಹತ್ತಿರ ಹೋಗಬೇಕು ಅನ್ನುವವರು ಮನುಷ್ಯರ ದೊಡ್ಡ ಮನೆತನವನ್ನೇ ತಗೊಳ್ಳಬೇಕು. ಆ ಹುಟ್ಟಿನ ಹೆಣ್ಣಾದರೆ ಜೊತೆಗಾರ ಅಲಿಸ್ಟರ್‌ನನ್ನು, ಗಂಡಾದರೆ ರಾಣಿ ಅನೋರಾಳನ್ನು ಮದುವೆಯಾಗಿ ಪಟ್ಟದ ಪಕ್ಕ ಕೂರಬಹುದು. ಉಳಿದ ಐದು ಹುಟ್ಟಿನವರಿಗೆ ಆ ಬಾಗಿಲಿಲ್ಲ. ನಡುವೆ ಹುಟ್ಟನ್ನು ಬದಲಾಯಿಸಲೂ ಆಗದು.

ಸಮಯ ಇದ್ದರೆ ನನ್ನ ಸಲಹೆ, ಆರೂ ಮೊದಲ ಅಧ್ಯಾಯಗಳನ್ನು ಒಂದೊಂದು ಸಂಜೆ ಆಡಿ ನೋಡಿ, ಆಮೇಲೆ ಮನಸ್ಸಿಗೆ ಹತ್ತಿದ್ದರಲ್ಲಿ ಮುಂದುವರಿಯಿರಿ. ಸಮಯ ಇಲ್ಲದಿದ್ದರೆ ಎರಡು ಡ್ವಾರ್ಫ್‌ಗಳಲ್ಲಿ ಒಂದು.

ಸೈಬರ್‌ಪಂಕ್ 2077: ಮೊದಲ ಅರ್ಧ ಗಂಟೆಯ ಸೊಗಸು

2020ರ ಡಿಸೆಂಬರ್‌ನಲ್ಲಿ ಬಂದ ಈ ಗೇಮ್‌ನಲ್ಲಿ ಹಿನ್ನೆಲೆಯ ಹೆಸರು ಲೈಫ್‌ಪಾತ್, ಅವು ಮೂರು: ನೋಮ್ಯಾಡ್ (ಅಲೆಮಾರಿ), ಸ್ಟ್ರೀಟ್ ಕಿಡ್ (ಬೀದಿಯಲ್ಲಿ ಬೆಳೆದವ), ಕಾರ್ಪೊ (ದೊಡ್ಡ ಕಂಪನಿಯ ನೌಕರ). ನೋಮ್ಯಾಡ್ ಆದರೆ ಊರಾಚೆಯ ಬಯಲಲ್ಲಿ ಕಾರು ರಿಪೇರಿ ಮಾಡಿಕೊಳ್ಳುತ್ತಾ ಶುರು. ಸ್ಟ್ರೀಟ್ ಕಿಡ್ ಆದರೆ ಊರೊಳಗಿನ ಹೇವುಡ್ ಅನ್ನುವ ಬಡಾವಣೆಯ ಬಾರ್‌ನಲ್ಲಿ. ಕಾರ್ಪೊ ಆದರೆ ಅರಸಾಕಾ ಕಂಪನಿಯ ಬಾತ್‌ರೂಮಿನಲ್ಲಿ, ಕನ್ನಡಿ ಮುಂದೆ, ಹೊಟ್ಟೆ ತೊಳಸುತ್ತಿರುವ ಸ್ಥಿತಿಯಲ್ಲಿ. ಸುಮಾರು ಅರ್ಧ ಗಂಟೆ ಹೀಗೆ ಹೋಗುತ್ತದೆ. ಮೂರೂ ದಾರಿಯಲ್ಲಿ ಗೆಳೆಯ ಜ್ಯಾಕಿ ಸಿಗುತ್ತಾನೆ, ಒಂದು ಸಣ್ಣ ಚಿತ್ರಮಾಲೆಯಲ್ಲಿ ಆರು ತಿಂಗಳು ಉರುಳಿಹೋಗುತ್ತವೆ, ಅಲ್ಲಿಂದ ಎಲ್ಲರ ಕಥೆಯೂ ಒಂದೇ.

ಅಂಕಿಗಳಿಗೆ ಏನೂ ಆಗುವುದಿಲ್ಲ. ಅಂತ್ಯಗಳಿಗೂ ಇದಕ್ಕೂ ಸಂಬಂಧ ಇಲ್ಲ. ಪ್ರತಿ ದಾರಿಗೆ ಅದರದೇ ಒಂದು ಸಣ್ಣ ಮಿಷನ್ ಇದೆ, ಅಲ್ಲಲ್ಲಿ ಹಿನ್ನೆಲೆಯ ಗುರುತಿರುವ ಡೈಲಾಗ್ ಸಿಗುತ್ತದೆ. ಆ ಮಾತುಗಳು ಚೆನ್ನಾಗಿವೆ, ಆದರೆ ಅವುಗಳಿಂದ ದಾರಿ ತಿರುಗುವುದು ಕಡಿಮೆ. ಒಂದೇ ಸಲ ಆಡುವವರಿಗೆ ನಾನು ಕಾರ್ಪೊ ಹೇಳುತ್ತೇನೆ. ಆ ಅರ್ಧ ಗಂಟೆಯಲ್ಲಿ ಎತ್ತರದಿಂದ ಬೀಳುವುದು ಹೇಗಿರುತ್ತದೆ ಅಂತ ಮೈಗೆ ತಟ್ಟುತ್ತದೆ, ಆಮೇಲೆ ಅರಸಾಕಾ ಹೆಸರು ಕೇಳಿದಾಗಲೆಲ್ಲ ಅದು ನೆನಪಾಗುತ್ತದೆ. ಮುಂದೆ ಸಿಗುವ ಪನಾಂ ಅನ್ನುವವಳ ಮತ್ತು ಅವಳ ಅಲೆಮಾರಿ ಬಳಗದ ಕಥೆಯೇ ಈ ಗೇಮ್‌ನ ಜೀವ ಅನ್ನುವವರೂ ಇದ್ದಾರೆ, ಅವರಿಗೆ ನೋಮ್ಯಾಡ್ ಸರಿ.

ಮಾಸ್ ಎಫೆಕ್ಟ್ (2007) ಇದಕ್ಕೆ ಹತ್ತಿರದ್ದೇ. ಹುಟ್ಟಿಗೆ ಮೂರು ಆಯ್ಕೆ, ಸೈನ್ಯದಲ್ಲಿ ಗಳಿಸಿದ ಹೆಸರಿಗೆ ಮೂರು. ಮುಖ್ಯ ಕಥೆಗೆ ಇದು ತಾಗುವುದಿಲ್ಲ. ಆದರೆ ಕಾಲೊನಿಸ್ಟ್ (ದೂರದ ಗ್ರಹದ ವಸಾಹತಿನಲ್ಲಿ ಹುಟ್ಟಿದವರು) ಆರಿಸಿದವರಿಗೆ ಮಾತ್ರ ಸಿಗುವ ಒಂದು ದೃಶ್ಯ ಇದೆ. ನಿಮ್ಮೂರಿನವಳೇ ಆದ ತಲಿತಾ ಅನ್ನುವ ಹುಡುಗಿ, ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವಳು, ಬಂದೂಕು ಹಿಡಿದು ಬಂದರಿನಲ್ಲಿ ನಿಂತಿರುತ್ತಾಳೆ. ಅವಳೊಂದಿಗೆ ಮಾತಾಡುತ್ತಾ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋಗಬೇಕು. ಗುಂಡು ಹಾರಿಸುವ ಗೇಮ್‌ನಲ್ಲಿ ಮಾತೇ ಎಲ್ಲವೂ ಆಗುವ ಐದು ನಿಮಿಷ ಅದು. ಅದಕ್ಕೋಸ್ಕರವೇ ನಾನು ಪ್ರತಿ ಸಲ ಕಾಲೊನಿಸ್ಟ್.

ಎಲ್ಡನ್ ರಿಂಗ್, ಸ್ಕೈರಿಮ್: ಶುರುವಿನ ಬುತ್ತಿ

ಎಲ್ಡನ್ ರಿಂಗ್ (2022) ಹತ್ತು ಕ್ಲಾಸ್ ಕೊಡುತ್ತದೆ. ಹೆಸರುಗಳು ದೊಡ್ಡವು, ಆದರೆ ಯಾವುದನ್ನು ತಗೊಂಡರೂ ಕಥೆಯಲ್ಲಿ ವ್ಯತ್ಯಾಸ ಇಲ್ಲ. ಸಿಗುವುದು ಕೈಯಲ್ಲೊಂದು ಆಯುಧ, ಮೈಮೇಲೊಂದು ಬಟ್ಟೆ, ಶುರುವಿನ ಅಂಕಿ. ಇಲ್ಲಿ ನೋಡಬೇಕಾದ್ದು ಒಂದೇ. ಆಸ್ಟ್ರಾಲಜರ್‌ನ ಇಂಟೆಲಿಜೆನ್ಸ್ (ಮಂತ್ರಕ್ಕೆ ಬೇಕಾದ ಅಂಕಿ) 16ರಿಂದ ಶುರು, ಹೀರೋನದು 7ರಿಂದ. ಮಂತ್ರ ಹಾಕುವ ಆಸೆ ಇದ್ದು ಹೀರೋ ತಗೊಂಡರೆ ಒಂಬತ್ತು ಲೆವೆಲ್ ಆ ಅಂತರ ತುಂಬುವುದಕ್ಕೇ ಹೋಗುತ್ತದೆ. ಮುಂದೆ ರೆನ್ನಾಲಾ ಅನ್ನುವವಳ ಹತ್ತಿರ ಲಾರ್ವಲ್ ಟಿಯರ್ ಅನ್ನುವ ವಸ್ತು ಕೊಟ್ಟು ಅಂಕಿ ಮರುಹಂಚಿಕೆ ಮಾಡಬಹುದು, ಆದರೆ ಕ್ಲಾಸ್‌ನ ಮೂಲ ಅಂಕಿಗಿಂತ ಕೆಳಗೆ ಇಳಿಸಲಾಗದು. ಹೊಸಬರಿಗೆ ಸಮುರಾಯ್ ಅಥವಾ ವ್ಯಾಗಬಾಂಡ್ ಒಳ್ಳೆಯದು. ಮೊದಲನೆಯದರ ಜೊತೆ ಒಳ್ಳೆ ಕತ್ತಿ ಮತ್ತು ಬಿಲ್ಲು ಬರುತ್ತವೆ, ಎರಡನೆಯದರ ಜೊತೆ ಗುರಾಣಿ. ರೆಚ್ ಅನ್ನುವುದು ಲೆವೆಲ್ 1, ಎಲ್ಲ ಅಂಕಿಯೂ 10, ಕೈಯಲ್ಲಿ ಒಂದು ದೊಣ್ಣೆ. ಮೊದಲ ಸಲಕ್ಕೆ ಬೇಡ.

ಸ್ಕೈರಿಮ್ (2011) ಹಿನ್ನೆಲೆ ಕೇಳುವುದೇ ಇಲ್ಲ. ಕೈ ಕಟ್ಟಿ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ, ಯಾಕೆ ಅಂತ ನೀವೇ ಊಹಿಸಿಕೊಳ್ಳಬೇಕು. ಹತ್ತು ಕುಲಗಳಲ್ಲಿ ಒಂದನ್ನು ಆರಿಸಿದಾಗ ಒಂದು ಕೌಶಲಕ್ಕೆ 10, ಇನ್ನೈದಕ್ಕೆ ತಲಾ 5 ಸೇರುತ್ತದೆ. ಕೌಶಲ ಬಳಸಿದಷ್ಟೂ ಬೆಳೆಯುವುದರಿಂದ ಕೆಲವು ದಿನದಲ್ಲಿ ಆ ವ್ಯತ್ಯಾಸ ಮಾಯ. ಬ್ರೆಟನ್‌ಗಳಿಗೆ ಮಂತ್ರದ ಹೊಡೆತ ನೂರಕ್ಕೆ 25 ಕಡಿಮೆ ತಾಗುವಂಥ ಹುಟ್ಟುಗುಣಗಳು ಮಾತ್ರ ಕೊನೆತನಕ ಉಳಿಯುತ್ತವೆ. ಕಥೆ ತಾವೇ ಕಟ್ಟಿಕೊಳ್ಳಬಲ್ಲವರಿಗೆ ಈ ಖಾಲಿ ಜಾಗ ದೊಡ್ಡ ಸಂಪತ್ತು. ಗೇಮ್ ನನ್ನನ್ನು ಗುರುತಿಸಬೇಕು ಅನ್ನುವವರಿಗೆ ಸ್ವಲ್ಪ ಒಣಒಣ ಅನ್ನಿಸಬಹುದು.

ಸ್ಟಾರ್‌ಫೀಲ್ಡ್ (2023) ನಡುವಿನದು. ಅಲ್ಲಿ ಹಿನ್ನೆಲೆ ಮೂರು ಕೌಶಲ ಕೊಡುತ್ತದೆ, ಅದು ಬೇಗ ಹಳತಾಗುತ್ತದೆ. ಅದರ ಪಕ್ಕದಲ್ಲಿರುವ ಟ್ರೇಟ್‌ಗಳಿಗೆ, ಅಂದರೆ ಹೆಚ್ಚುವರಿ ಗುಣಗಳಿಗೆ, ಗಮನ ಕೊಡಿ. ಕಿಡ್ ಸ್ಟಫ್ ಆರಿಸಿದರೆ ಅಪ್ಪ ಅಮ್ಮ ಬದುಕಿರುತ್ತಾರೆ, ನಿಮ್ಮ ದುಡ್ಡಿನಲ್ಲೊಂದು ಪಾಲು ಅವರಿಗೆ ಹೋಗುತ್ತಿರುತ್ತದೆ. ನೀವು ಮನೆಗೆ ಹೋಗಿ ಮಾತಾಡಿಸಬಹುದು, ಅವರು ಉಡುಗೊರೆಯನ್ನೂ ಕೊಡುತ್ತಾರೆ. ನಕ್ಷತ್ರಗಳ ನಡುವೆ ಅಲೆಯುವಾಗ ವಾಪಸ್ ಹೋಗಲು ಒಂದು ಮನೆ ಇದೆ ಅನ್ನುವುದು ನನಗೆ ಆ ದುಡ್ಡಿಗಿಂತ ಜಾಸ್ತಿ.

ದುಡ್ಡು, ಲ್ಯಾಪ್‌ಟಾಪ್, ಸಮಯ

ಹಳೆ ಲ್ಯಾಪ್‌ಟಾಪ್ ಇರುವವರಿಗೆ, ಹೊಸ ಗೇಮ್‌ನ ಪೂರ್ತಿ ಬೆಲೆ ಕೊಡಲಾಗದವರಿಗೆ ಒಂದು ಸಂತೋಷದ ಸಂಗತಿ. ಹಿನ್ನೆಲೆಗೆ ಜಾಸ್ತಿ ಬೆಲೆ ಕೊಟ್ಟ ಡ್ರ್ಯಾಗನ್ ಏಜ್ ಒರಿಜಿನ್ಸ್ ಈ ಪಟ್ಟಿಯಲ್ಲಿ ಹಳೆಯ ಗೇಮ್‌ಗಳಲ್ಲಿ ಒಂದು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ, ಸೇಲ್ ಸಮಯದಲ್ಲಿ ಬೆಲೆಯೂ ಚೆನ್ನಾಗಿ ಇಳಿಯುತ್ತದೆ.

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಳ್ಳುವವರು ಒಂದು ಲೆಕ್ಕ ನೆನಪಿಡಿ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಪಾತ್ರದ ಮೂಗು ತಿದ್ದುತ್ತಾ, ಹಿನ್ನೆಲೆ ಆರಿಸುತ್ತಾ ಕೂತ ಸಮಯವೂ ಆ 2 ಗಂಟೆಯೊಳಗೇ ಬರುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಗೇಮ್ ಓಡುತ್ತದೋ ಇಲ್ಲವೋ ಅನುಮಾನ ಇದ್ದರೆ, ಮೊದಲು ಸಿದ್ಧ ಪಾತ್ರವೊಂದನ್ನು ಹಿಡಿದು ಅರ್ಧ ಗಂಟೆ ಓಡಿಸಿ ನೋಡಿ. ಸರಿಯಾಗಿದ್ದರೆ ಆಮೇಲೆ ನಿಧಾನಕ್ಕೆ ನಿಮ್ಮ ಪಾತ್ರ ಕಟ್ಟಿ.

ಸೇವ್ ವಿಷಯವೂ ಹಾಗೆಯೇ. ಮೊದಲ ಅಧ್ಯಾಯ ಮುಗಿದ ಕೂಡಲೇ ಬೇರೆ ಹೆಸರಿನಲ್ಲಿ ಒಂದು ಸೇವ್ ಇಟ್ಟುಕೊಳ್ಳಿ, ಅದರ ಮೇಲೆ ಬರೆಯಬೇಡಿ. ಪಾತ್ರ ಒಗ್ಗದಿದ್ದರೆ ಹೊಸದನ್ನು ಕಟ್ಟಿ, ಹಳೆಯದಕ್ಕೆ ಮನಸ್ಸು ಎಳೆದರೆ ಆ ಸೇವ್ ಕಾಯುತ್ತಿರುತ್ತದೆ.

ಅಕ್ಕನ ಮಗ ಆ ರಾತ್ರಿ ನೋಬಲ್ ತಗೊಂಡ. ದೊಡ್ಡ ಮನೆಯಲ್ಲಿ ಹುಟ್ಟಿದ ಹಾಫ್-ಆರ್ಕ್ ಹೇಗಿರಬಹುದು ಅಂತ ಅವನಿಗೇ ಕುತೂಹಲ ಹುಟ್ಟಿತ್ತು. ಮುಂದಿನ ಸೇಲ್‌ಗೆ ಡ್ರ್ಯಾಗನ್ ಏಜ್ ಕೊಳ್ಳುತ್ತೇನೆ ಅಂದಿದ್ದಾನೆ, ಬಡ ಡ್ವಾರ್ಫ್ ಆಗಿಯೇ ಶುರು ಮಾಡುತ್ತಾನಂತೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಆ ಗೇಮ್‌ನಲ್ಲಿ ಮೊದಲು ಯಾವ ಊರಿಗೆ ಹೋಗಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಓರ್ಜಮ್ಮಾರ್‌ಗೆ ಕೊನೆಯಲ್ಲಿ ಹೋಗಿ. ಅಲ್ಲಿನ ಸುರಂಗಗಳು ಉದ್ದ, ಲೆವೆಲ್ ಕಡಿಮೆ ಇದ್ದರೆ ಸೋಲುತ್ತೀರಿ. ಅಷ್ಟು ಹೊತ್ತಿಗೆ ನಿಮಗೆ ನಾಡಿನ ತುಂಬ ಹೆಸರಿರುತ್ತದೆ. ಮುಖದ ಮೇಲೆ ಅದೇ ಗುರುತು ಇಟ್ಟುಕೊಂಡು, ಗ್ರೇ ವಾರ್ಡನ್ ಆಗಿ, ಆ ಹೆಬ್ಬಾಗಿಲಿನಿಂದ ಒಳಗೆ ನಡೆಯಿರಿ.